ಸೋಡಾ ಪೆಟ್ಟಿಗೆಯೊಳಗೆ ಮಗಳ ಕೈ

೧೯೯೯ರ ಬೇಸಿಗೆಯಲ್ಲಿ ನಾನೊಂದು ಹಳೆಯ ಸೋಡಾ ಯಂತ್ರ ಕೊಂಡುಕೊಂಡೆ. ಆಗ ನಾವು ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ, ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದ ಒಂದು ಕಟ್ಟಡದ ನೆಲಮಹಡಿಯಲ್ಲಿದ್ದೆವು. ನಾನು, ನನ್ನ ಹೆಂಡತಿ, ನಾಲ್ಕು ವರ್ಷದ ಮಗಳು. ಬೆಂಗಳೂರಿನ ಕಂಪನಿ ನನ್ನನ್ನು ಟೋಕಿಯೋದ ವಿಮಾ ಸಂಸ್ಥೆಯೊಂದಕ್ಕೆ ಕಳಿಸಿತ್ತು. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಹಳೆಯ ಪ್ರೋಗ್ರಾಮುಗಳು ಎರಡು ಸಾವಿರ ಬಂದಾಗ ತಲೆಕೆಟ್ಟು ಕೂರದಂತೆ ಒಂದೊಂದೇ ಸಾಲು ತಿದ್ದುವುದು ನಮ್ಮ ಕೆಲಸ. ತಿದ್ದಿದ್ದು ಸರಿಯೋ ತಪ್ಪೋ ಜನವರಿ ಒಂದರವರೆಗೆ ಯಾರಿಗೂ ಖಾತ್ರಿಯಾಗುವಂತಿರಲಿಲ್ಲ. ಆ ವರ್ಷ ನನಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಸಣ್ಣ ಮಾತಿಗೂ ರೇಗುತ್ತಿದ್ದೆ.

ನಿಲ್ದಾಣದ ದಾರಿಯಲ್ಲಿ ಒಬ್ಬ ಅಜ್ಜಿಯ ಅಂಗಡಿ ಇತ್ತು. ಅಕ್ಕಿ, ಸಾಕೆ ಮದ್ಯ, ಉಪ್ಪು, ಸೋಪು ಎಲ್ಲ ಮಾರುತ್ತಿದ್ದರು. ಎದುರಿಗೇ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ ಬಂದ ಮೇಲೆ ವ್ಯಾಪಾರ ಬಿದ್ದುಹೋಗಿ, ಅವರು ಅಂಗಡಿ ಮುಚ್ಚಿ ಮಗಳ ಮನೆಗೆ ಹೊರಟಿದ್ದರು. ಅಂಗಡಿಯ ಪಕ್ಕದ ಸಂದಿಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು ಆ ಯಂತ್ರ. ಆಳೆತ್ತರದ ಕೆಂಪು ಪೆಟ್ಟಿಗೆ. ಎಡಗಡೆ ಒಂದು ಕಿರಿದಾದ ಗಾಜಿನ ಬಾಗಿಲು. ತೆರೆದರೆ ಮೇಲಿಂದ ಕೆಳಕ್ಕೆ ಎಂಟು ಗೂಡು. ಗೂಡುಗಳಲ್ಲಿ ಗಾಜಿನ ಬಾಟಲಿಗಳನ್ನು ಮಲಗಿಸಿಟ್ಟರೆ ಕತ್ತು ಮಾತ್ರ ಹೊರಗೆ ಕಾಣುತ್ತಿತ್ತು. ಪ್ರತಿ ಗೂಡಿನ ಬಾಯಿಗೂ ಎರಡು ಕಬ್ಬಿಣದ ದವಡೆಗಳು. ನಾಣ್ಯ ಬಿದ್ದರೆ ಅವು ಸಡಿಲವಾಗಿ ಒಂದು ಬಾಟಲಿ ಬಿಟ್ಟುಕೊಡುತ್ತವೆ, ಮರುಕ್ಷಣ ಮತ್ತೆ ಕಚ್ಚಿಕೊಳ್ಳುತ್ತವೆ.

"ಹದಿನೈದು ವರ್ಷದಿಂದ ಕೆಟ್ಟು ನಿಂತಿದೆ. ನಿನಗೆ ಯಾಕಪ್ಪಾ ಇದು?" ಎಂದು ಅಜ್ಜಿ ಜಪಾನಿಯಲ್ಲಿ ಕೇಳಿದರು.

ಸ್ಕ್ರೂ ಬಿಚ್ಚಿ ಒಳಗೆ ನೋಡಬಹುದಾದಂಥ ಒಂದು ವಸ್ತು ನನಗೆ ಬೇಕಿತ್ತು. ಅದನ್ನು ಹೇಳುವಷ್ಟು ಜಪಾನಿ ನನಗೆ ಬರುತ್ತಿರಲಿಲ್ಲ. "ಸುಕಿ ದೆಸು," ಇಷ್ಟ ಅಂದೆ. ಅವರು ನಕ್ಕು, ಹೆಸರಿಗೊಂದು ಬೆಲೆ ಹೇಳಿದರು.

ಮನೆ ಮಾಲೀಕರ ಒಪ್ಪಿಗೆ ಪಡೆದು ಅದನ್ನು ನಮ್ಮ ಅಡುಗೆಮನೆಯ ಹಿಂಬದಿ, ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ ಇಳಿಸಿಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ರೀ, ವಾರಕ್ಕೊಂದು ದಿನ ಮನೇಲಿರ್ತೀರ. ಅದೂ ಇದಕ್ಕೇನಾ?"

ಮೂರು ತಿಂಗಳು ಭಾನುವಾರಗಳೆಲ್ಲ ಅದಕ್ಕೇ ಹೋದವು. ಉಪ್ಪುಕಾಗದ ಹಾಕಿ ತುಕ್ಕು ಉಜ್ಜಿದೆ. ಒಡೆದುಹೋಗಿದ್ದ ಬಾಗಿಲಿನ ರಬ್ಬರು ಬದಲಿಸಿದೆ. ತಣ್ಣಗೆ ಮಾಡುವ ಮೋಟಾರನ್ನು ಫ್ರಿಜ್ ರಿಪೇರಿಯವರೊಬ್ಬರು ಬಂದು ಸರಿಮಾಡಿಕೊಟ್ಟರು. ಕೊನೆಗೆ ಉಳಿದದ್ದು ದವಡೆಗಳನ್ನು ಎಳೆದು ಹಿಡಿಯುವ ದೊಡ್ಡ ಸ್ಪ್ರಿಂಗ್. ಹಳೆಯದು ಸೋತುಹೋಗಿತ್ತು. ನಾಣ್ಯ ಹಾಕದೆಯೂ ಬಾಟಲಿ ಎಳೆದುಕೊಳ್ಳಬಹುದಿತ್ತು. ಹಮಾಮತ್ಸುವಿನ ಮೋಟಾರ್‌ಸೈಕಲ್ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದ ನನ್ನ ಹಾಸ್ಟೆಲ್ ಗೆಳೆಯ ಒಂದು ಹೊಸ ಸ್ಪ್ರಿಂಗ್ ಕಳಿಸಿ, ಫೋನಿನಲ್ಲಿ ಹೇಳಿದ: "ಸ್ವಲ್ಪ ಟೈಟ್ ಇದೆ ಕಣೋ. ಅಳತೆ ನೋಡ್ಕೊಂಡು ಎರಡು ಸುತ್ತು ಕಟ್ ಮಾಡಿ ಹಾಕು."

ನಾನು ಕತ್ತರಿಸಲಿಲ್ಲ. ಹಾಕಿ ನೋಡಿದೆ. ನಾಣ್ಯವಿಲ್ಲದೆ ಬಾಟಲಿ ಒಂದಿಷ್ಟೂ ಅಲುಗಲಿಲ್ಲ. ನಾಣ್ಯ ಹಾಕಿ ಎಳೆದಾಗ ದವಡೆಗಳು ಫಟ್ಟನೆ ಬಡಿದ ಸದ್ದು ಕೇಳಿ ನನಗೆ ಎಷ್ಟೋ ತಿಂಗಳಲ್ಲಿ ಮೊದಲ ಸಲ ಸಂತೋಷವಾಯಿತು. ಆ ದಿನ ಮೂವರೂ ಮಾಡಿನ ಕೆಳಗೆ ನಿಂತು ತಣ್ಣನೆಯ ನಿಂಬೆ ಸೋಡಾ ಕುಡಿದೆವು. ಹೆಂಡತಿಯೂ ನಕ್ಕಳು. ಮಗಳು ಒಂದು ಬಾಟಲಿ ತಾನೇ ಎಳೆಯಬೇಕೆಂದು ಹಟ ಮಾಡಿದಳು. ನಾನು ಅವಳ ಕೈಮೇಲೆ ಕೈಯಿಟ್ಟು ಎಳೆಸಿದೆ.

ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ನಾನು ಪೇಪರ್ ಹಿಡಿದು ಕೂತಿದ್ದೆ. ಹೆಂಡತಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದಳು. ಮನೆಯ ಹಿಂಬದಿಯಿಂದ ಮಗಳ ಕೂಗು ಕೇಳಿಸಿತು. ಅಳುವಾಗ ಅವಳಿಗೆ ಬರುತ್ತಿದ್ದುದು ಶಿಶುವಿಹಾರದ ಜಪಾನಿ.

"ಇತಾಯಿ! ಅಪ್ಪಾ, ಇತಾಯಿ!"

ನೋವು, ನೋವು. ನಾವಿಬ್ಬರೂ ಓಡಿದೆವು. ಅವಳು ತುದಿಗಾಲಲ್ಲಿ ನಿಂತಿದ್ದಳು. ಬಲಗೈ ಕಿರುಬಾಗಿಲ ಮೂಲಕ ಒಂದು ಗೂಡಿನೊಳಗೆ ಹೋಗಿತ್ತು. ಮುಂಗೈಯ ಮೇಲೆ ಎರಡೂ ದವಡೆಗಳು ಕಚ್ಚಿಕೊಂಡಿದ್ದವು. ಎಲ್ಲೋ ಸಿಕ್ಕ ನಾಣ್ಯವೊಂದನ್ನು ಹಾಕಿದ್ದಾಳೆ. ಆ ಗೂಡು ಖಾಲಿ. ಬಾಟಲಿ ಒಳಗಿದೆಯೆಂದು ಕೈ ತೂರಿಸಿದ್ದಾಳೆ. ಯಂತ್ರಕ್ಕೆ ಬಾಟಲಿಯ ಕತ್ತೂ ಒಂದೇ, ಮಗುವಿನ ಕೈಯೂ ಒಂದೇ. ಅವಳು ಹಿಂದಕ್ಕೆಳೆದೊಡನೆ ಮುಚ್ಚಿಕೊಂಡಿತ್ತು.

"ಇನ್ನೊಂದು ಕಾಯಿನ್ ಹಾಕ್ರೀ! ಬೇಗ ಹಾಕ್ರೀ!" ಹೆಂಡತಿ ಕಿರುಚಿದಳು.

ಹಾಕಿದೆ. ಒಳಗೆ ಕ್ಲಿಕ್ ಎಂದಿತು. ಆದರೆ ಎಳೆಯದೆ ದವಡೆ ಬಿಡುವುದಿಲ್ಲ. ಮೆಲ್ಲಗೆ ಅವಳ ಮೊಣಕೈ ಹಿಡಿದು ಎಳೆದೆ. ಆಗ ಅವಳು ಕೂಗಿದ ಕೂಗಿಗೆ ನನ್ನ ಕೈ ತಾನಾಗಿಯೇ ಬಿಟ್ಟುಬಿಟ್ಟಿತು. ಬೆರಳುಗಳ ಬಣ್ಣ ಬದಲಾಗುತ್ತಿತ್ತು. ಯಂತ್ರದ ಇಡೀ ಮುಂಭಾಗವೇ ಆಗಿದ್ದ ದೊಡ್ಡ ಬಾಗಿಲು ತೆಗೆಯೋಣವೆಂದರೆ ಆ ಕಿರುಬಾಗಿಲು ಇದ್ದದ್ದೂ ಅದರಲ್ಲೇ, ಅವಳ ತೋಳು ಅದರ ಮೂಲಕವೇ ಒಳಗೆ ಹೋಗಿತ್ತು. ತೆರೆದರೆ ತೋಳು ತಿರುಚಿಕೊಳ್ಳುತ್ತದೆ. ಹೆಂಡತಿ ಒಲೆ ಆರಿಸಿ, ಡಬ್ಬಿಯಲ್ಲಿದ್ದ ಎಣ್ಣೆ ತಂದು ಸುರಿದಳು, ಸೋಪಿನ ನೀರು ಸುರಿದಳು. ಜಾರಲಿಲ್ಲ. ಮಗಳನ್ನು ಸೊಂಟದ ಮೇಲೆ ಎತ್ತಿ ಹಿಡಿದುಕೊಂಡು "ಏನಾಗಲ್ಲ ಪುಟ್ಟಾ, ಏನಾಗಲ್ಲ" ಎನ್ನುತ್ತಲೇ ಇದ್ದಳು. ಕೂಗು ಕೇಳಿ ಬಂದ ಪಕ್ಕದ ಮನೆಯ ಹೆಂಗಸು ಅಗ್ನಿಶಾಮಕದವರಿಗೆ ಫೋನ್ ಮಾಡಿದರು.

ಅವರು ಬೇಗನೇ ಬಂದರು. ಮೂವರು. ಮುಖ್ಯಸ್ಥ ಐವತ್ತರ ಆಸುಪಾಸಿನವನು. ಟಾರ್ಚ್ ಬಿಟ್ಟು ಒಳಗೆ ನೋಡಿದ, ಮಗಳ ಬೆರಳು ಮುಟ್ಟಿ ನೋಡಿದ. ಕಬ್ಬಿಣ ಕತ್ತರಿಸುವ ದೊಡ್ಡ ಕತ್ತರಿಯನ್ನು ಇನ್ನೊಬ್ಬನ ಕೈಯಿಂದ ತೆಗೆದುಕೊಂಡು, ದವಡೆಗಳನ್ನು ಜೋಡಿಸಿದ್ದ ಸರಳನ್ನು ತೋರಿಸಿ ನನ್ನ ಕಡೆ ತಿರುಗಿದ.

"ಇದನ್ನು ಕತ್ತರಿಸುತ್ತೇವೆ. ಆಗಬಹುದಾ?"

"ಮತ್ತೆ!" ಅಂದೆ. "ಮತ್ತೆ ಕುದಾಸಾಯ್!"

ಜಪಾನಿಯಲ್ಲಿ ಅದಕ್ಕೆ ತಡೀರಿ ಎಂದು ಅರ್ಥ. ಹೆಂಡತಿಗೂ ಅಷ್ಟು ಜಪಾನಿ ಗೊತ್ತಿತ್ತು. ನನ್ನನ್ನು ನೋಡಿದಳು. ಆ ನೋಟವನ್ನು ನಾನು ಹೇಗೆ ಹೇಳಲಿ.

"ಏನ್ ತಡೀರಿ? ಕಟ್ ಮಾಡ್ಲಿ ಬಿಡ್ರೀ! ಅದೇನು ಚಿನ್ನದ್ದಾ?"

"ಅಲ್ಲ ಕಣೇ! ಸರಳು ತುಂಡಾದ್ರೆ ಸ್ಪ್ರಿಂಗ್ ಪೂರ್ತಿ ಎಳ್ಕೊಳ್ಳುತ್ತೆ. ದವಡೆ ಅವಳ ಮೂಳೆ ಮೇಲೇ ಬಡಿಯುತ್ತೆ!"

ಅದನ್ನೇ ಜಪಾನಿಯಲ್ಲಿ ಹೇಳಲು ನೋಡಿದೆ. ಪದ ಬರಲಿಲ್ಲ. ಎರಡು ಕೈಗಳನ್ನೂ ದವಡೆಯಂತೆ ಮಾಡಿ, ಒಂದಕ್ಕೊಂದು ಬಡಿದು ತೋರಿಸಿದೆ. "ಬಾನೆ, ಬಾನೆ" ಅಂದೆ. ಸ್ಪ್ರಿಂಗ್‌ಗೆ ಆ ಮಾತು ಬಿಡಿಭಾಗಗಳ ಅಂಗಡಿಯಲ್ಲಿ ಕಲಿತದ್ದು. ಮುಖ್ಯಸ್ಥನಿಗೆ ಅರ್ಥವಾಯಿತು. ಕತ್ತರಿ ಕೆಳಗಿಟ್ಟ.

ಸ್ಪ್ರಿಂಗ್‌ನ ಕೆಳತುದಿ ನಾಣ್ಯ ಬೀಳುವ ಡಬ್ಬಿಯ ಹಿಂದೆ ಒಂದು ಕೊಕ್ಕೆಗೆ ಸಿಕ್ಕಿಸಿತ್ತು. ಅದನ್ನು ಹೊರಗಿನಿಂದ ಮುಚ್ಚಿದ್ದ ತಗಡಿಗೆ ನಾಲ್ಕು ಸ್ಕ್ರೂ. ಹತ್ತು ಸಲವಾದರೂ ಬಿಚ್ಚಿ ಹಾಕಿದ್ದೆ. ಮಂಡಿಯೂರಿ ಮೂರನ್ನು ಬಿಚ್ಚಿದೆ. ನಾಲ್ಕನೆಯದರ ತಲೆ ಸವೆದಿತ್ತು. ನಾನೇ ಅವಸರದಲ್ಲಿ ಕೆಡಿಸಿದ್ದು. ಸ್ಕ್ರೂ ಡ್ರೈವರ್ ಜಾರಿತು, ಇನ್ನೊಂದು ಸಲ ಜಾರಿತು. ತಲೆಯ ಮೇಲೆ ಮಗಳ ಅಳು ಸಣ್ಣಗಾಗುತ್ತಿತ್ತು. ಜೋರಾಗಿ ಅತ್ತಾಗ ಆಗದಿದ್ದ ಭಯ ಈಗ ಆಯಿತು. ಕಿರಿಯ ಸಿಬ್ಬಂದಿಯೊಬ್ಬ ನನ್ನನ್ನು ಸರಿಸಿ, ಇಕ್ಕಳದಿಂದ ತಗಡಿನ ಮೂಲೆ ಹಿಡಿದು ಒಂದೇ ಸಲಕ್ಕೆ ಮಡಚಿಬಿಟ್ಟ. ಸ್ಪ್ರಿಂಗ್ ಕಂಡಿತು. ಅವನು ಇಕ್ಕಳದಲ್ಲಿ ಅದನ್ನು ಕೆಳಕ್ಕೆ ಜಗ್ಗಿ ಹಿಡಿದ. ನಾನು ಕೊಕ್ಕೆಯಿಂದ ಬಿಡಿಸಿದೆ. ಅವನು ಮೆಲ್ಲಮೆಲ್ಲಗೆ ಅದನ್ನು ಸಡಿಲ ಬಿಟ್ಟ.

ಮೇಲೆ ಮುಖ್ಯಸ್ಥ ಎರಡು ಬೆರಳಿನಿಂದ ದವಡೆಗಳನ್ನು ಅಗಲಿಸಿದ. ಕೈ ಹೊರಗೆ ಬಂತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆಗೆ ಏನೂ ಆಗಿರಲಿಲ್ಲ. ಮುಂಗೈ ಸುತ್ತ ನೇರಳೆ ಬಣ್ಣದ ಬಳೆಯಂಥ ಗುರುತು ಎರಡು ವಾರ ಇತ್ತು. ಮಗಳು ಅದನ್ನು ಶಿಶುವಿಹಾರದಲ್ಲಿ ಎಲ್ಲರಿಗೂ ತೋರಿಸಿದಳಂತೆ. ಸ್ಪ್ರಿಂಗ್ ಕತ್ತರಿಸದೆ ಹಾಕಿದ ವಿಷಯವನ್ನು ಆ ಸಂಜೆಯೇ ಹೆಂಡತಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ಸುಮ್ಮನೆ ತಲೆಯಾಡಿಸಿದಳು. ಅದಕ್ಕಾಗಿ ಬೈಯಲಿಲ್ಲ. ಆಮೇಲಿನ ದಿನಗಳಲ್ಲಿ ಅಗತ್ಯದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಸೈತಾಮಾದಿಂದ ಒಬ್ಬ ಹಳೆಯ ಯಂತ್ರಗಳ ಹುಚ್ಚಿನವನು ಲಾರಿ ತಂದು ಪೆಟ್ಟಿಗೆಯನ್ನು ಒಯ್ದ. ಮಾಡಿನ ಕೆಳಗೆ ಸೈಕಲ್‌ಗಳಿಗೆ ಮತ್ತೆ ಜಾಗವಾಯಿತು.

ಲಾರಿ ಹೋದ ಮೇಲೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದಳು.

"ಅವತ್ತು ಯಾಕೆ ತಡೀರಿ ಅಂದ್ರಿ?"

"ಹೇಳಿದ್ನಲ್ಲ, ಸ್ಪ್ರಿಂಗ್..."

"ಅದು ಗೊತ್ತು. ನೀವು ಹೇಳಿದ್ದು ಸರಿ. ಆದ್ರೆ ಆ ಕತ್ತರಿ ನೋಡಿದ್ ತಕ್ಷಣ ನೀವು ಮೊದಲು ನೋಡಿದ್ದು ಮಷೀನ್‌ನ. ಮಗೂನಲ್ಲ. ನಾನು ನೋಡ್ತಾ ಇದ್ದೆ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಸರಳು, ದವಡೆ, ಸ್ಪ್ರಿಂಗ್ ಎಲ್ಲಿ ಹೇಗೆ ಕೂಡುತ್ತವೆ ಎಂದು ಒಂದು ಕ್ಷಣದಲ್ಲಿ ಲೆಕ್ಕ ಹಾಕಿದ್ದಂತೂ ನಿಜ. ಆ ಲೆಕ್ಕಕ್ಕೂ ಮುಂಚೆ ಎದೆಯಲ್ಲಿ ಇನ್ನೊಂದು ಏನೋ ಚುಳುಕ್ಕೆಂದಿತ್ತು. ಮೂರು ತಿಂಗಳ ಕೆಲಸ ಹೋಯಿತಲ್ಲ ಎಂದೇ? ಇಲ್ಲ ಎಂದು ಆಣೆ ಮಾಡಿ ಹೇಳಲು ಆಗಲಿಲ್ಲ.

"ಗೊತ್ತಿಲ್ಲ ಕಣೇ," ಅಂದೆ. "ಇದ್ರೂ ಇರಬಹುದು."

ಅವಳು ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. "ಇಲ್ಲ ಅಂದಿದ್ರೆ ನಾನು ನಂಬ್ತಿರ್ಲಿಲ್ಲ," ಅಂದು ಒಳಗೆ ಹೋದಳು. ಆಮೇಲೆ ಆ ಮಾತನ್ನು ಅವಳು ಎಂದೂ ಎತ್ತಿಲ್ಲ. ಮರುದಿನದಿಂದ ಮೊದಲಿನಂತೆ ಜಗಳವಾಡತೊಡಗಿದಳು, ನನಗೆ ಉಸಿರು ಬಂದಂತಾಯಿತು.

ಮಗಳಿಗೀಗ ಇದ್ಯಾವುದೂ ನೆನಪಿಲ್ಲ. ಒಮ್ಮೆ ನಾನಾಗಿಯೇ ಎಲ್ಲ ಹೇಳಿದೆ, ಹೆಂಡತಿ ಕೇಳಿದ ಪ್ರಶ್ನೆಯನ್ನೂ ಬಿಡದೆ. ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ರಿಯಲೀ, ಅಪ್ಪ?" ಎಂದಳು. ನಾನು ಹೌದು ಅಂದೆ.