ಹೊಳೆಯುವ ಹಲಗೆ

ಹಳೇಬೀಡಿನ ಕನ್ನಡ ಶಾಲೆಯಲ್ಲಿ ಓದಿ, ಬೇಲೂರಿನ ಕಾಲೇಜಿಗೆ ಬಂದು, ಪಿಯುಸಿಗೆ ವಿಜ್ಞಾನವೇ ಬೇಕೆಂದು ಹಟ ಹಿಡಿದವಳು ನಾನು. ತೊಂಬತ್ತರ ದಶಕದ ನಡುಭಾಗವದು. ಇಂಗ್ಲಿಷಿನ ಭೌತಶಾಸ್ತ್ರ ನನಗೆ ಕಬ್ಬಿಣದ ಕಡಲೆಯಾಗಿತ್ತು. ಅದರಲ್ಲೂ ಘರ್ಷಣೆ, ವೃತ್ತೀಯ ಚಲನೆಯ ಲೆಕ್ಕಗಳು ಬಂದರೆ ಪುಟ ಮಗುಚಿಬಿಡುತ್ತಿದ್ದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಬೈಯುವವರಲ್ಲ. ಒಂದೇ ಮಾತು ಹೇಳಿದ್ದರು: "ನೋಡಮ್ಮ, ಫೇಲಾದ್ರೆ ಸೈನ್ಸು ಸಾಕು. ಸುಮ್ನೆ ಆರ್ಟ್ಸ್‌ಗೆ ಸೇರ್ಕೊ."

ಆರ್ಟ್ಸ್ ಓದುವವರು ಸುಮ್ಮನೆ ಓದುತ್ತಾರೆಯೇ ಎಂದು ಕೇಳಬೇಕೆನಿಸಿತು. ಒಳಗೊಳಗೇ ಉರಿದುಕೊಂಡೆ. ಲಿಖಿತ ಪರೀಕ್ಷೆಯಲ್ಲಿ ನನಗೆ ದೇವರೇ ಗತಿ ಎಂಬುದು ಗೊತ್ತಿತ್ತು. ಪಾಸು ಮಾಡಿಸಿದರೆ ಪ್ರಾಯೋಗಿಕ ಪರೀಕ್ಷೆಯ ಅಂಕಗಳೇ ಮಾಡಿಸಬೇಕಿತ್ತು.

ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಿಗ್ಗೆ ಇನ್ನೂ ಚಳಿ. ಲ್ಯಾಬಿನೊಳಗೆ ಊದುಬತ್ತಿಯ ವಾಸನೆ. ನಮ್ಮ ಅಟೆಂಡರ್ ಅರಸೀಕೆರೆ ಕಡೆಯವರು, ಬಲು ಭಕ್ತರು. ಪರೀಕ್ಷೆಯ ಹಿಂದಿನ ಸಂಜೆ ಉಪಕರಣಗಳನ್ನೆಲ್ಲ ಒರೆಸಿ, ಕುಂಕುಮ ಇಟ್ಟು ಪೂಜೆ ಮಾಡುವುದು ಅವರ ಪದ್ಧತಿ. ತಕ್ಕಡಿಗಳಿಗೂ ಹಣೆಗೆ ಇಟ್ಟಂತೆ ಕುಂಕುಮ. ನಾವು ಒಬ್ಬೊಬ್ಬರಾಗಿ ಚೀಟಿ ಎತ್ತಿದೆವು. ನನಗೆ ಬಂದದ್ದು ಘರ್ಷಣೆ.

ಮರದ ಹಲಗೆಯ ಮೇಲೊಂದು ಮರದ ತುಂಡು. ಅದಕ್ಕೆ ಕಟ್ಟಿದ ದಾರ ರಾಟೆಯ ಮೇಲೆ ಹಾದು ಕೆಳಗೆ ತಟ್ಟೆಯೊಂದನ್ನು ಹಿಡಿದಿರುತ್ತದೆ. ತಟ್ಟೆಗೆ ಎಷ್ಟು ತೂಕ ಹಾಕಿದಾಗ ಮರದ ತುಂಡು ಜಾರತೊಡಗುತ್ತದೆಂದು ನೋಡಿ ಬರೆಯಬೇಕು. ತುಂಡಿನ ಮೇಲೆ ಭಾರ ಹೇರಿದಷ್ಟೂ ತಟ್ಟೆಯ ತೂಕವೂ ಏರಬೇಕು. ಸುಲಭ ಎಂದುಕೊಂಡು ಶುರು ಮಾಡಿದೆ.

ಮೊದಲ ಸಲ ತುಂಡು ಅಂಟಿಕೊಂಡು ಕೂತಂತೆ ಕೂತಿತ್ತು. ತೂಕದ ಮೇಲೆ ತೂಕ ಹಾಕಿದ ಮೇಲೆ ಜಾರಿತು. ಅಷ್ಟರಲ್ಲಿ ಪೂರ್ವದ ಕಿಟಕಿಯಿಂದ ಬಿಸಿಲು ಬಂದು ನನ್ನ ಮೇಜಿನ ಮೇಲೆ ಬಿತ್ತು. ತುಂಡಿನ ಮೇಲೆ ಇನ್ನಷ್ಟು ಭಾರ ಹೇರಿದೆ. ಮೊದಲಿಗಿಂತ ಕಡಿಮೆ ತೂಕಕ್ಕೇ ಜಾರಿತು. ಮತ್ತೆ ಹೇರಿದೆ, ಇನ್ನೂ ಬೇಗ ಜಾರಿತು. ಏರಬೇಕಾದ ಗೆರೆ ಗ್ರಾಫಿನಲ್ಲಿ ಇಳಿಯತೊಡಗಿದ್ದನ್ನು ನೋಡಿ ನನಗೆ ಅಳು ಬರುವುದೊಂದೇ ಬಾಕಿ.

ಪಕ್ಕದ ಮೇಜಿನ ಗೆಳತಿ ಪಿಸುಗುಟ್ಟಿದಳು: "ಲೇ, ಯಾಕೆ ಒದ್ದಾಡ್ತೀಯ? ಸೀನಿಯರ್ಸ್ ರೆಕಾರ್ಡಲ್ಲಿ ಇರೋದನ್ನೇ ಬರಿ ಕಣೇ." ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ನಾನೂ ಮಾಡುತ್ತಿದ್ದೆನೇನೋ, ಆದರೆ ಗಾಬರಿಯಲ್ಲಿ ಒಂದು ಅಂಕಿಯೂ ನೆನಪಿಗೆ ಬರಲಿಲ್ಲ. ಕಂಡದ್ದನ್ನೇ ಬರೆದಿಟ್ಟು ಕೂತೆ.

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ನನ್ನ ಗ್ರಾಫನ್ನು ನೋಡಿ ಹುಬ್ಬು ಗಂಟಿಕ್ಕಿದರು. ಹಲಗೆಯ ಮೇಲೆ ಬೆರಳಾಡಿಸಿ ಮೂಗಿನ ಹತ್ತಿರ ಹಿಡಿದರು. ಆಮೇಲೆ ಅಟೆಂಡರನ್ನು ಕರೆದರು.

"ಏನ್ರೀ ಇದು?"

"ದೊಡ್ಡೋರು ಬತ್ತಾರೆ, ಮರದ ಸಾಮಾನು ಹೊಳೀಲಿ ಅಂತ ಒಸಿ ಕೊಬ್ರಿ ಎಣ್ಣೆ ಹಚ್ಚಿದ್ದೆ ಸ್ವಾಮಿ. ನಮ್ಮೂರ ಗಾಣದ್ದು, ಒಳ್ಳೆ ಎಣ್ಣೆ."

ಪರೀಕ್ಷಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸಿಟ್ಟೋ ನಗುವೋ ತಿಳಿಯಲಿಲ್ಲ. ನನ್ನ ಕಡೆ ತಿರುಗಿ, "ಸರಿ, ಇದು ಯಾಕೆ ಹೀಗೆ ಇಳೀತು, ನೀನೇ ಹೇಳಮ್ಮ" ಎಂದರು.

ಆಗ ನನಗೆ ಥಟ್ಟನೆ ಹೊಳೆಯಿತು. ಚಳಿಗಾಲದಲ್ಲಿ ಅಮ್ಮ ಎಣ್ಣೆ ಬಾಟಲಿಯನ್ನು ಬಿಸಿಲಿಗಿಡುತ್ತಿದ್ದಳು.

"ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿತ್ತು ಸಾರ್, ಅದಕ್ಕೆ ಅಂಟಿಕೊಂಡಿತ್ತು. ಬಿಸಿಲು ಬಿದ್ದು ಕರಗಿತು. ಭಾರ ಹಾಕಿದ್ರೂ ಜಾರಿತು."

ಪರೀಕ್ಷಕರು ತಲೆಯಾಡಿಸಿ ಇನ್ನೊಂದು ಪ್ರಶ್ನೆ ಹಾಕಿದರು: "ನೀನು ಬರೋ ಬಸ್ಸು ತಿರುವಿನಲ್ಲಿ ತಿರುಗುತ್ತಲ್ಲ, ಅದನ್ನ ಒಳಗಡೆಗೆ ಹಿಡಿದಿಡೋದು ಯಾವುದು?"

ವೃತ್ತೀಯ ಚಲನೆಯ ಅಧ್ಯಾಯ ಪುಸ್ತಕದಲ್ಲಿ ಒಂದು ದಿನವೂ ತಲೆಗೆ ಹತ್ತಿರಲಿಲ್ಲ. ಅವತ್ತು ಹತ್ತಿತು. "ಟೈರಿಗೂ ರಸ್ತೆಗೂ ಇರೋ ಘರ್ಷಣೆ ಸಾರ್."

ಅವರು ಅಟೆಂಡರ್ ಕಡೆ ಕೈ ತೋರಿಸಿದರು. "ಇವರು ಹೋಗಿ ಆ ತಿರುವಿಗೆ ಎಣ್ಣೆ ಹಚ್ಚಿದ್ರೆ?"

"ತಿರುಗಲ್ಲ ಸಾರ್. ನೆಟ್ಟಗೆ ಗದ್ದೆಗೆ ಹೋಗುತ್ತೆ."

ಅವರು ನಕ್ಕೇಬಿಟ್ಟರು. ಯಾಕೆಂದು ತಿಳಿಯದಿದ್ದರೂ ಅಟೆಂಡರೂ ನಕ್ಕರು. ನಾನು ಅಂಕಿಗಳನ್ನು ಹೊಡೆದುಹಾಕಲು ಪೆನ್ನು ಎತ್ತಿದಾಗ ಪರೀಕ್ಷಕರು ತಡೆದರು. "ಬಿಡು, ಅವು ಸರಿಯಾಗೇ ಇವೆ" ಎಂದು ಪಕ್ಕದಲ್ಲಿ ಸಹಿ ಹಾಕಿದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಫಲಿತಾಂಶ ಬಂದಾಗ ಲಿಖಿತ ಪರೀಕ್ಷೆಯ ಅಂಕಗಳು ನಾನು ಹೆದರಿದಷ್ಟೇ ಕಡಿಮೆ ಬಂದಿದ್ದವು. ಪ್ರಾಯೋಗಿಕದ ಅಂಕ ಸೇರಿ ಭೌತಶಾಸ್ತ್ರದಲ್ಲಿ ಪಾಸಾಗಿದ್ದೆ. ಅಪ್ಪ ಅಂಕಪಟ್ಟಿಯನ್ನು ಕಚೇರಿಯ ಕಾಗದ ಓದುವಂತೆ ಮೇಲಿಂದ ಕೆಳಗಿನವರೆಗೆ ಓದಿ, ಅಮ್ಮನ ಕೈಗೆ ಕೊಟ್ಟು, "ಬಿ.ಎಸ್ಸಿ.ಗೇ ಸೇರ್ಲಿ ಬಿಡು" ಎಂದರು. ನಾನು ಹಿತ್ತಿಲಿಗೆ ಹೋಗಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಮನಸಾರೆ ಅತ್ತೆ.