ಎರಡು ಕೈಯಲ್ಲಿ ಎರಡು ಲೋಗೋ

ಮೈಕಿನ ಕುತ್ತಿಗೆಗೆ ಸಿಕ್ಕಿಸುವ, ಚಾನೆಲ್ ಹೆಸರಿನ ಬಣ್ಣದ ಡಬ್ಬಿಗೆ ನಾವು ಲೋಗೋ ಅನ್ನುತ್ತೇವೆ. ನಮ್ಮಂಥ ವರದಿಗಾರರಿಗೆ ನೇಮಕದ ಪತ್ರ ಗಿತ್ರ ಏನೂ ಇಲ್ಲ. ಲೋಗೋ ಕೈಯಲ್ಲಿದ್ದರೆ ಕೆಲಸ ಇದೆ, ವಾಪಸ್ ಕೇಳಿದರೆ ಇಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲೂಕಿಗೆ ನಮ್ಮ ಚಾನೆಲ್ಲಿಗೆ ನಾನೊಬ್ಬ, ಎದುರಾಳಿ ಚಾನೆಲ್ಲಿಗೆ ಇನ್ನೊಬ್ಬರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಸವದತ್ತಿಯವರು. ನಾನು ಕಾಕಾ ಅನ್ನುತ್ತಿದ್ದೆ.

ಬೆಂಗಳೂರಿನಲ್ಲಿ ಗುರುವಾರ ಬಂದರೆ ರೇಟಿಂಗ್ ಜ್ವರ. ರೇಟಿಂಗ್ ಇಳಿದರೆ ಜಾಹೀರಾತು ಇಳಿಯುತ್ತದೆ, ಜಾಹೀರಾತು ಇಳಿದರೆ ಬೈಗುಳ ನಮ್ಮ ಫೋನಿಗೆ ಇಳಿಯುತ್ತದೆ. ಆದರೆ ಪೆಟ್ರೋಲು ನಮ್ಮದೇ ಅಲ್ಲವೇ? ಹಾಗಾಗಿ ಇಬ್ಬರೂ ಒಂದೊಂದು ಹಳೆಯ ಲೋಗೋ ಅದಲುಬದಲು ಮಾಡಿಕೊಂಡಿದ್ದೆವು. ಬೈಲಹೊಂಗಲ, ಕಿತ್ತೂರಿನಲ್ಲಿ ಅವರದನ್ನೂ ನಾನೇ ಹಿಡಿಯುತ್ತಿದ್ದೆ, ಸವದತ್ತಿ, ರಾಮದುರ್ಗದ ಕಡೆ ನನ್ನದನ್ನು ಅವರು. ಒಂದೇ ವಿಡಿಯೋ ಎರಡೂ ಕಡೆ ಹೋಗುತ್ತಿತ್ತು.

ಒಮ್ಮೆ ಕಿತ್ತೂರಿನ ಹೆದ್ದಾರಿಯಲ್ಲಿ, ಹಗಲು ಹೊತ್ತು ಕರೆಂಟ್ ಕೊಡಿ ಎಂದು ರೈತರು ರಸ್ತೆ ತಡೆದಿದ್ದರು. ಕಾಕಾ ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ಧಾರವಾಡಕ್ಕೆ ಹೋಗಿದ್ದರು. ನಾನು ಮೊಬೈಲನ್ನು ಬೈಕಿನ ಸೀಟಿನ ಮೇಲೆ ಒರಗಿಸಿ, ಎರಡು ಕೈಯಲ್ಲಿ ಎರಡು ಲೋಗೋ ಹಿಡಿದು ಒಬ್ಬ ಅಜ್ಜಿಯ ಮುಂದೆ ನಿಂತೆ. ಕತ್ತಲಲ್ಲಿ ಹಾವು ತುಳಿದು ನೀರು ಹಾಯಿಸುವ ಪಾಡನ್ನು ಅಜ್ಜಿ ಚೆನ್ನಾಗಿಯೇ ಹೇಳಿದಳು. ಕೊನೆಗೆ ಎರಡೂ ಡಬ್ಬಿಗಳನ್ನು ನೋಡಿ, "ಯಪ್ಪಾ, ಎರಡೂ ಟೀವಿಗೆ ನೀ ಒಬ್ಬಾವನ ಏನು? ಹಂಗಾದ್ರ ದಿನಾ ಅದರಾಗ ಯಾಕ ಬಡದಾಡ್ತೀರಿ?" ಅಂದಳು.

ವಿಡಿಯೋದ ಆ ತುದಿಯನ್ನು ಕತ್ತರಿಸಿ ಕಳಿಸಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬರುವುದು ನಮ್ಮ ಮನೆತನದ ಆಸ್ತಿ. ಅವಸರದಲ್ಲಿ ಹಾಗೇ ಕಳಿಸಿಬಿಟ್ಟೆ. ಬೆಂಗಳೂರಿನವರಿಗೆ ಇನ್ನೂ ಅವಸರ. ಎರಡೂ ಚಾನೆಲ್‌ಗಳು 'ನಮ್ಮಲ್ಲೇ ಮೊದಲು' ಎಂದು ಕೆಂಪು ಪಟ್ಟಿ ಹಾಕಿ, ಅಜ್ಜಿಯ ಆ ಮಾತನ್ನೂ ಇಡಿಯಾಗಿ ಬಿತ್ತರಿಸಿದವು.

ಮಧ್ಯಾಹ್ನ ನಮ್ಮ ಮುಖ್ಯಸ್ಥರ ಫೋನು. "ಅವರ ಚಾನೆಲ್ಲಿನ ಆ ಮನುಷ್ಯ ಸ್ಥಳದಲ್ಲೇ ಇರಲಿಲ್ಲ ಅಂತ ಕ್ಯಾಮೆರಾ ಮುಂದೆ ಹೇಳಿ. ವರದಿಗಾರರೇ ಇಲ್ಲದ ಚಾನೆಲ್ ಅಂತ ಇವತ್ತೇ ಹೊಡೆಯೋಣ."

ನನಗೆ ಮೈ ಉರಿಯಿತು. ಹೇಳಿದರೆ ಕಾಕಾನ ಅನ್ನ ಹೋಗುತ್ತದೆ. "ಅವರು ಅಲ್ಲೇ ಇದ್ರು ಸರ್," ಅಂದೆ. "ನನ್ನ ಎರಡೂ ಕೈಯಾಗ ಲೋಗೋ ಇದ್ದುವು. ಮತ್ತ ಕ್ಯಾಮೆರಾ ಹಿಡದವರು ಯಾರು? ಅವರ."

ಎದುರಾಳಿಯ ಕೈಯಲ್ಲಿ ಕ್ಯಾಮೆರಾ ಕೊಟ್ಟವನು ಬೇಡ ಅಂದರು. ಲೋಗೋ ಬೆಳಗಾವಿಯಲ್ಲಿ ಒಪ್ಪಿಸಿ ಬಂದೆ. ಹೋಗಲಿ, ಕಾಕಾ ಉಳಿದರಲ್ಲ ಎಂಬ ಸಮಾಧಾನವಿತ್ತು.

ಎರಡು ದಿನ ಬಿಟ್ಟು ಅವರ ಚಾನೆಲ್ಲಿನಿಂದ ಫೋನು ಬಂತು. ಇನ್ನು ಮೇಲೆ ನಾಲ್ಕೂ ತಾಲೂಕು ನೀವೇ ನೋಡಿಕೊಳ್ಳಿ, ಅವರೇ ನಿಮ್ಮ ಹೆಸರು ಹೇಳಿದ್ದಾರೆ, ಲೋಗೋ ಅವರಿಂದಲೇ ತೆಗೆದುಕೊಳ್ಳಿ ಅಂದರು. ನಾನು ಬೈಕ್ ಹತ್ತಿ ಸೀದಾ ಸವದತ್ತಿಗೆ ಹೋದೆ. ಕಾಕಾ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು.

"ನಿಮ್ಮ ಸಲುವಾಗಿ ನಾ ಸುಳ್ಳು ಹೇಳೀನಿ. ನೀವ್ಯಾಕ ಖರೇ ಹೇಳಿದ್ರಿ?"

"ಕೇಳಿದ್ರು, ಹೇಳಿದೆ. ನನ್ನ ತಗೀತೇವಿ ಅಂದ್ರು. ತಗಿಯೂದಾದ್ರ ತಗೀರಿ, ಕೆಲಸಾ ಮಾಡಿದಾಂವಗ ಕೊಡ್ರಿ ಅಂದೆ."

"ನಿಮ್ಮ ಜಾಗಾ ನನಗ ಬ್ಯಾಡ್ರಿ ಕಾಕಾ."

"ಹುಚ್ಚಪ್ಪಾ, ನೀ ಒಲ್ಲೆ ಅಂದ್ರ ಅವರು ಇನ್ನೊಬ್ಬನ್ನ ಹುಡುಕ್ತಾರ. ನನ್ನೇನು ಕರೀತಾರ?" ಎಂದು ಲೋಗೋವನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟರು.

ಬೇಡ ಅನ್ನಬೇಕಿತ್ತು. ಮನೆಯಲ್ಲಿ ಎರಡು ಮಕ್ಕಳಿದ್ದವು. ತೆಗೆದುಕೊಂಡೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಒಳಗಿನಿಂದ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಕಾಕಿ ಕೇಳಿದರು. "ಯಾರು ಬಂದಾರ್ರಿ?"

ಇಷ್ಟು ವರ್ಷ 'ನಮ್ಮ ಹುಡುಗ' ಅನ್ನುತ್ತಿದ್ದ ಕಾಕಾ, ಚಹಾ ಇಡಲು ಏಳುತ್ತಾ ಹೇಳಿದರು. "ಚಾನೆಲ್‌ನವರು ಬಂದಾರ."