ಅಂಗಾತ ಹಾರಿದ ವಿಮಾನ

ನಮ್ಮ ಯಲಹಂಕದಲ್ಲಿ ಆಕಾಶಕ್ಕೂ ಯಜಮಾನರಿದ್ದಾರೆ. ವಾಯುನೆಲೆಯ ಸುತ್ತಮುತ್ತ ಆಟಿಕೆ ವಿಮಾನವನ್ನೂ ಹಾರಿಸುವ ಹಾಗಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ನಾನೂ ನನ್ನ ಗೆಳೆಯನೂ ಸ್ಕೂಟರಿನಲ್ಲಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದು, ಅಪಾರ್ಟ್‌ಮೆಂಟುಗಳು ಮುಗಿದು ರಾಗಿ ಹೊಲ ಕಾಣುವವರೆಗೂ ಹೋಗುತ್ತಿದ್ದೆವು. ಅವನು ಆರ್.ಟಿ. ನಗರದವನು. ಒಂದೇ ಕಚೇರಿಯಲ್ಲಿ ಎದುರುಬದುರು ಕೂತು ಕೆಲಸ ಮಾಡಿ, ಒಟ್ಟಿಗೇ ನಿವೃತ್ತರಾದವರು ನಾವು. ಮನೆಯಲ್ಲಿ ಅವನದು ದಖನಿ ಉರ್ದು, ನನ್ನ ಜೊತೆ ಕನ್ನಡ. ವಿಮಾನ ಬಿದ್ದಾಗ ಮಾತ್ರ ಎರಡೂ ಭಾಷೆ ಬೇಕಾಗುತ್ತಿತ್ತು.

ನನ್ನ ವಿಮಾನ ಫೋಮಿನದು, ಬ್ಯಾಟರಿಯದು. ರಿಮೋಟಿನ ಮೂಲೆಯಲ್ಲಿ ಒಂದು ಸ್ವಿಚ್ಚಿತ್ತು. ಅದು ಕೆಳಗಿದ್ದರೆ, ಕಲಿಯುವವನ ಕೈ ಎಷ್ಟು ನಡುಗಿದರೂ ವಿಮಾನ ತಾನೇ ಸರಿಪಡಿಸಿಕೊಂಡು ನೆಟ್ಟಗೆ ಹೋಗುತ್ತದೆ, ಮಗುಚುವುದೇ ಇಲ್ಲ. ಮೇಲೆತ್ತಿದರೆ ಪಲ್ಟಿಯೋ ಪತನವೋ, ಎಲ್ಲ ನಮ್ಮ ಕೈಯಲ್ಲಿ. ಗೆಳೆಯ ತನ್ನ ವಿಮಾನದ ಸ್ವಿಚ್ಚನ್ನು ಎಂದೋ ಮೇಲೆತ್ತಿದ್ದ. ನಾನು ಆ ಮೂಲೆಗೆ ಬೆರಳನ್ನೇ ಒಯ್ಯುತ್ತಿರಲಿಲ್ಲ.

ನಾವು ನಿಲ್ಲುತ್ತಿದ್ದ ಬೀಳು ಜಮೀನಿನ ಪಕ್ಕದಲ್ಲೇ ಒಬ್ಬ ವಯಸ್ಸಾದ ಅಮ್ಮನ ರಾಗಿ ಹೊಲ. ಒಂದು ದಿನ ಆಕೆ ಕುಡುಗೋಲು ಹಿಡಿದುಕೊಂಡೇ ಬಂದು, ಯಾರ ಕಡೆಯವರು ನೀವು ಎಂದು ಕೇಳಿದರು. ಯಾರ ಕಡೆಯವರೂ ಅಲ್ಲ ಎಂದೆವು. ಅದು ಇನ್ನೂ ಕೆಟ್ಟ ಉತ್ತರವೆಂಬಂತೆ ನಮ್ಮನ್ನು ನೋಡಿದರು. ಆಮೇಲೆ ವಿಷಯ ತಿಳಿಯಿತು. ಹಿಂದಿನ ವರ್ಷ ಪಕ್ಕದವರ ಹೊಲದ ಮೇಲೆ ಒಂದು ಡ್ರೋನು ಜಮೀನು ಅಳೆಯುವಂತೆ ಹೋಗಿ ಬಂದು ಮಾಡಿತ್ತಂತೆ. ಹಾರಿಸಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಸ್ವಲ್ಪ ದಿನಕ್ಕೆ ಆ ಹೊಲದಲ್ಲಿ ಕೆಂಪು ಬಣ್ಣದ ಗಡಿಕಲ್ಲುಗಳು ಎದ್ದು ನಿಂತಿದ್ದವು. ಆಕೆಯ ಹೊಲ ಇನ್ನೂ ಆಕೆಯ ಕೈಯಲ್ಲಿತ್ತು. ಅದನ್ನು ಉಳಿಸಿಕೊಳ್ಳಲು ದಿನವೂ ಆಕಾಶ ಕಾಯುತ್ತಿದ್ದರು.

ಗೆಳೆಯ ನನ್ನ ವಿಮಾನದ ಮುಚ್ಚಳ ತೆಗೆದು, ಬ್ಯಾಟರಿ ಬಿಟ್ಟರೆ ಏನೂ ಇಲ್ಲ ಎಂದು ತೋರಿಸಿದ. ಆಕೆ ಒಳಗೆ ಬೆರಳು ಹಾಕಿ ತಡಕಿದರು. ಕ್ಯಾಮೆರಾ ಈಗ ಎಳ್ಳುಕಾಳಿನಷ್ಟು ಚಿಕ್ಕದೂ ಬರುತ್ತದಂತೆ, ನಿಮ್ಮ ಮಾತು ಹೇಗೆ ನಂಬಲಿ ಎಂದರು. ಇಷ್ಟಕ್ಕೂ ಅನುಮಾನ ಗೆಳೆಯನ ಮೇಲಿರಲಿಲ್ಲ.

"ಈ ಸಾಯ್ಬ್ರುದು ಪಲ್ಟಿ ಒಡೀತದೆ. ಅಳ್ಯೋರು ಯಾಕೆ ಪಲ್ಟಿ ಒಡುಸ್ತಾರೆ? ನಿಂದು ಗೆರೆ ಎಳ್ದಂಗೆ ಓಯ್ತದೆ, ಗೆರೆ ಎಳ್ದಂಗೆ ಬತ್ತದೆ. ನಿನ್ ಮೇಲೇ ಕಣಪ್ಪ ನಂಗೆ ಅನ್ಮಾನ."

ನನ್ನನ್ನು ಕಾಪಾಡಲೆಂದು ಇದ್ದ ಸ್ವಿಚ್ಚೇ ನನ್ನನ್ನು ಸರ್ವೆಯವನನ್ನಾಗಿ ಮಾಡಿತ್ತು. ನಾನಿನ್ನೂ ಕಲಿಯುತ್ತಿದ್ದೇನೆ ಎಂದೆ. ಈ ವಯಸ್ಸಿನಲ್ಲಾ ಎಂದು ಆಕೆ ನನ್ನ ತಲೆಯ ಬಿಳಿಕೂದಲು ನೋಡಿದರು. ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು.

"ನನ್ ಒಲದ್ ಮೇಲೆ ಬಂದ್ರೆ ಅಂಗಾತ ಆರ್ಸು. ಒಟ್ಟೆ ಮೇಲ್ಕಿರ್ಲಿ. ಕಣ್ಣಿದ್ರೆ ಆಕಾಸ ನೋಡ್ಕಳ್ಲಿ."

"ಸಿಕ್ಕಾಕೊಂಡೆ ಗುರು," ಎಂದ ಗೆಳೆಯ, ಬಹಳ ಸಂತೋಷದಿಂದ.

ಅಂಗಾತ ಹಾರುವಾಗ ಎಲ್ಲವೂ ತಿರುಗುಮುರುಗು. ಮೂತಿ ಬಾಗಿತೆಂದು ಅಭ್ಯಾಸಬಲದಿಂದ ರಿಮೋಟಿನ ಕಡ್ಡಿಯನ್ನು ನಮ್ಮ ಕಡೆ ಎಳೆದರೆ ವಿಮಾನ ನೆಲಕ್ಕೇ ಧುಮುಕುತ್ತದೆ, ಮುಂದಕ್ಕೆ ತಳ್ಳಬೇಕು. ಸ್ವಿಚ್ಚು ಎತ್ತಿ, ವಿಮಾನ ಮಗುಚಿ, ಆಕೆಯ ಬದು ದಾಟಿದ್ದೇ ನಾನು ಎಳೆದೆ. ರಾಗಿ ತೆನೆಗಳು ಎದ್ದುಬಂದಂತೆ ಕಂಡವು. ತಳ್ಳೋ, ತಳ್ಳೋ ಎಂದು ಗೆಳೆಯ ಕೂಗಿದ. ತಳ್ಳಿದೆ. ಕುಡಿದವನಂತೆ ತೂರಾಡುತ್ತಾ, ಹೊಟ್ಟೆಯನ್ನು ಸೂರ್ಯನಿಗೆ ತೋರಿಸುತ್ತಾ ಅದು ಹೊಲ ದಾಟಿತು. ಇಳಿದ ಮೇಲೆ ಆಕೆ ಮತ್ತೊಮ್ಮೆ ಬೆರಳು ಹಾಕಿ ತಡಕಿದರು.

ಆಮೇಲಿನ ಭಾನುವಾರಗಳಲ್ಲೆಲ್ಲ ಹೀಗೇ ನಡೆಯಿತು. ಆಕೆ ಬದುವಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ, ನನ್ನ ವಿಮಾನ ಚೂರು ವಾಲಿದರೂ ಗದರುತ್ತಿದ್ದರು. ಗೆಳೆಯನ ಪಾಠದಿಂದ ಬಾರದ್ದು ಆ ಕಾವಲಿನಿಂದ ಬಂತು. ಅನುಮಾನ ಮಾತ್ರ ಹೋಗಲಿಲ್ಲ. ಅವರೆಕಾಯಿ ಕೊಟ್ಟು ಕಳಿಸುವಾಗಲೂ, ಮನೆ ಎಲ್ಲಿ, ಯಾರ ಪೈಕಿ ಎಂದು ಹಿಂದಿನ ವಾರದ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತಿದ್ದರು. ಉತ್ತರ ಬದಲಾಗುತ್ತದೆಯೋ ಎಂದು ಪರೀಕ್ಷೆ ಮಾಡುತ್ತಿದ್ದರೆಂದು ನನಗೆ ಗುಮಾನಿ.

ಒಂದು ಬೆಳಿಗ್ಗೆ ನನ್ನದಲ್ಲದ, ಗೆಳೆಯನದೂ ಅಲ್ಲದ ಸದ್ದು ಕೇಳಿಸಿತು. ಜೇನು ಎದ್ದಂತೆ. ಎತ್ತರದಲ್ಲಿ ನಾಲ್ಕು ಕೈಗಳ ಕಪ್ಪು ಡ್ರೋನು. ಅದು ಗಡಿಕಲ್ಲುಗಳ ಕಡೆಯಿಂದ ಬಂದು, ಆಕೆಯ ಹೊಲದ ಅಂಚಿನವರೆಗೂ ಹೋಗಿ, ಸ್ವಲ್ಪ ಈಚೆಗೆ ಸರಿದು ವಾಪಸ್ಸು ಹೊರಟಿತು. ನಾನು ನನ್ನ ವಿಮಾನವನ್ನು ಇಳಿಸಿ, ರಿಮೋಟನ್ನು ನೆಲಕ್ಕಿಟ್ಟೆ. ಆಕೆ ಮೊದಲು ನನ್ನ ಬರಿಗೈ ನೋಡಿದರು, ಆಮೇಲೆ ಗೆಳೆಯನದು. ಅವರೆಕಾಯಿ ಮಡಿಲಿನಿಂದ ಚೆಲ್ಲಿತ್ತು.

"ಅದು ಅಂಗಾತ ಆಗ್ತಿಲ್ವಲ್ಲಪ್ಪ," ಎಂದರು.

ಮೂವರೂ ತಲೆಯೆತ್ತಿ ನಿಂತೆವು. ಅದು ಮಗುಚಲಿ ಎಂದು ನಾನೂ ಮನಸ್ಸಿನಲ್ಲೇ ತಳ್ಳುತ್ತಿದ್ದೆ. ಅದು ಇನ್ನೊಂದು ಗೆರೆ ಎಳೆಯಿತು.

"ಎಲ್ಲಿ ಇಳೀತದೆ, ಯಾರು ಎತ್ಕತಾರೆ, ನೋಡ್ಕಂಡ್ ಬನ್ರಪ್ಪ," ಎಂದರು.

ಗೆಳೆಯ ಆಗಲೇ ಸ್ಕೂಟರ್ ಶುರು ಮಾಡಿದ್ದ. ನಾನು ಹಿಂದೆ ಕೂತು, ಆಕಾಶದಿಂದ ಕಣ್ಣು ತೆಗೆಯದೆ ದಾರಿ ಹೇಳುತ್ತಿದ್ದೆ. ತಿರುವಿನಲ್ಲಿ ಒಮ್ಮೆ ಮಾತ್ರ ಹಿಂತಿರುಗಿ ನೋಡಿದೆ. ಆಕೆ ಬದುವಿನ ಮೇಲೆ ನಿಂತಿದ್ದರು. ನಾವು ವಾಪಸ್ಸು ಬರುತ್ತೇವೆಂಬ ನಂಬಿಕೆ ಇನ್ನೂ ಪೂರ್ತಿ ಬಂದಿರಲಿಲ್ಲವೇನೋ, ನನ್ನ ವಿಮಾನವನ್ನು ಒತ್ತೆಯಿಟ್ಟುಕೊಂಡವರಂತೆ ಎದೆಗೆ ಅವುಚಿಕೊಂಡಿದ್ದರು.